ಕತ್ತಿನ ಡಾಪ್ಲರ್ ರಿಪೋರ್ಟ್ ಬಂತಾ? ಹೀಗೆ ಓದಿ

ಬೆಂಗಳೂರಿನಲ್ಲಿ ಈಗ ಯಾವ ಬಡಾವಣೆಗೆ ಹೋದರೂ ಒಂದು ಡಯಾಗ್ನೋಸ್ಟಿಕ್ ಸೆಂಟರ್ ಇದೆ. ಅಲ್ಲಿನ ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲಿ ಕೆಲವೊಮ್ಮೆ ಕತ್ತಿನ ರಕ್ತನಾಳದ ಡಾಪ್ಲರ್, ಅಂದರೆ ರಕ್ತದ ಹರಿವು ನೋಡುವ ಸ್ಕ್ಯಾನ್, ಕೂಡ ಸೇರಿರುತ್ತದೆ. ರಿಪೋರ್ಟಿನಲ್ಲಿ ‘ಪ್ಲಾಕ್, ಸ್ಟೆನೋಸಿಸ್ 40%’ (ಅಂದರೆ ನಾಳದ ಗೋಡೆಯಲ್ಲಿ ಕೊಬ್ಬು ಕೂತಿದೆ, ನಾಳ 40% ಕಿರಿದಾಗಿದೆ) ಅಂತ ಕಂಡರೆ ಸಾಕು, ಮನೆಯವರೆಲ್ಲ ಗೂಗಲ್ ಮಾಡಿ ನಿದ್ದೆಗೆಡುತ್ತಾರೆ.

ಪರ್ಸೆಂಟ್ ಆಮೇಲೆ ನೋಡೋಣ. ಮೊದಲು ಇಷ್ಟು ನೆನಪಿಸಿಕೊಳ್ಳಿ: ಇತ್ತೀಚೆಗೆ ಒಂದು ಪಕ್ಕದ ಕೈಕಾಲಿನ ಶಕ್ತಿ ಹೋಗಿತ್ತಾ, ಮಾತು ತೊದಲಿತ್ತಾ, ಒಂದು ಕಣ್ಣು ಕತ್ತಲಾಗಿ ಮತ್ತೆ ಸರಿಹೋಯಿತಾ? ಹತ್ತು ನಿಮಿಷದಲ್ಲಿ ಸರಿಹೋಯಿತಲ್ಲ, ಗ್ಯಾಸ್ ಇರಬೇಕು ಅಂತ ಸುಮ್ನೆ ಬಿಡುವವರೇ ಜಾಸ್ತಿ. ಇದನ್ನು ಟಿಐಎ ಅನ್ನುತ್ತಾರೆ, ದೊಡ್ಡ ಸ್ಟ್ರೋಕಿನ ಮುನ್ಸೂಚನೆ. ಹೌದು ಅಂತಾದರೆ ಇವತ್ತೇ ನ್ಯೂರಾಲಜಿಸ್ಟ್ ಹತ್ತಿರ ಹೋಗಿ.

ಯಾಕೆ ಅಷ್ಟು ಅವಸರ ಅಂದರೆ, ಕೆನಡಾದ ಹೆನ್ರಿ ಬಾರ್ನೆಟ್ ಮುಂದಾಳತ್ವದ ನ್ಯಾಸೆಟ್ ಅಧ್ಯಯನ 1991ರಲ್ಲಿ ಇದನ್ನೇ ತೋರಿಸಿತು. ಇಂಥ ಲಕ್ಷಣ ಬಂದು, ಆ ಲಕ್ಷಣಕ್ಕೆ ಕಾರಣವಾದ ಕಡೆಯ ಕತ್ತಿನ ನಾಳ 70%ಗಿಂತ ಜಾಸ್ತಿ ಕಿರಿದಾಗಿದ್ದವರಲ್ಲಿ ಬರೀ ಮಾತ್ರೆ ತಗೊಂಡವರ ಪೈಕಿ 26% ಜನಕ್ಕೆ ಎರಡು ವರ್ಷದೊಳಗೆ ಆ ನಾಳದ ಕಡೆಯ ಮೆದುಳಿನಲ್ಲಿ ಸ್ಟ್ರೋಕ್ ಆಯಿತು. ನಾಳದ ಪ್ಲಾಕ್ ತೆಗೆಯುವ ಆಪರೇಷನ್ ಆದವರಲ್ಲಿ 9%. ಇದು ಲಕ್ಷಣ ಇದ್ದವರ ಲೆಕ್ಕ. ಏನೂ ಆಗದೆ ಚೆಕಪ್‌ನಲ್ಲಿ 40% ಕಂಡವರು ಆಪರೇಷನ್, ಸ್ಟೆಂಟ್ ಅಂತ ಓಡಾಡಬೇಕಿಲ್ಲ.

ಹಾಗಂತ ರಿಪೋರ್ಟ್ ಬೀರುವಿಗೆ ಸೇರಿಸಬೇಡಿ. ಪ್ಲಾಕ್ ಬೆಳೆಯುವಾಗ ಎಷ್ಟೋ ಸಲ ನಾಳ ಹೊರಗಡೆಗೆ ಹಿಗ್ಗುತ್ತದೆ, ಹಾಗಾಗಿ ಕೊಬ್ಬು ಸಾಕಷ್ಟು ಕೂತಿದ್ದರೂ ಪರ್ಸೆಂಟ್ ಕಮ್ಮಿ ಕಾಣಬಹುದು. ಡೇವಿಡ್ ಸ್ಪೆನ್ಸ್ ಅನ್ನುವ ಇನ್ನೊಬ್ಬ ಕೆನಡಾ ಸಂಶೋಧಕರು ಅದಕ್ಕೇ ಪ್ಲಾಕ್‌ನ ವಿಸ್ತೀರ್ಣವನ್ನೇ ಅಳೆಯತೊಡಗಿದರು. 2002ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಪ್ಲಾಕ್ ಜಾಸ್ತಿ ಇದ್ದವರಿಗೆ ಸ್ಟ್ರೋಕ್, ಹಾರ್ಟ್ ಅಟ್ಯಾಕ್ ಎರಡರ ಅಪಾಯವೂ ಜಾಸ್ತಿ ಇತ್ತು. ನಮ್ಮ ಮಾಮೂಲಿ ರಿಪೋರ್ಟಿನಲ್ಲಿ ಸಾಮಾನ್ಯವಾಗಿ ಈ ಲೆಕ್ಕ ಇರುವುದಿಲ್ಲ. ಹಳೇ ರಿಪೋರ್ಟ್ ಎತ್ತಿಡಿ, ಮುಂದಿನ ಸಲ ಅದೇ ಸೆಂಟರಿನಲ್ಲಿ ಮಾಡಿಸಿ, ಬೆಳೆದಿದೆಯಾ ಅಂತ ಡಾಕ್ಟರಿಗೆ ಕೇಳಿ.

ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಎಷ್ಟಕ್ಕೆ ಇಳಿಯಬೇಕು ಅಂತಲೂ ಕೇಳಿ. ನಾಳದಲ್ಲಿ ಕೊಬ್ಬು ಕೂತು ಸ್ಟ್ರೋಕ್ ಅಥವಾ ಟಿಐಎ ಆದವರಿಗೆ 70ರ ಕೆಳಗೆ ಇಳಿಸಿದರೆ ಒಳ್ಳೇದು. ‘ನಾರ್ಮಲ್ ಬಂತಲ್ಲ’ ಅಂತ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ನಿಲ್ಲಿಸುವವರಿದ್ದಾರೆ. ಅದು ನಾರ್ಮಲ್ ಬಂದಿದ್ದೇ ಆ ಮಾತ್ರೆಯಿಂದ, ಅಲ್ವಾ? ಆಸ್ಪಿರಿನ್ ಮಾತ್ರ ಪಕ್ಕದ ಮನೆಯವರ ಮಾತು ಕೇಳಿ ಶುರು ಮಾಡಬೇಡಿ, ರಕ್ತಸ್ರಾವದ ಅಪಾಯ ಇದೆ. ಬೀಡಿ ಸಿಗರೇಟು ಬಿಡಲೇಬೇಕು, ಇದರಲ್ಲಿ ಚೌಕಾಸಿ ಇಲ್ಲ.

ಬಿಪಿಯನ್ನು ಮನೆಯಲ್ಲೇ ನೋಡಿ. ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಬಂದು ಕ್ಲಿನಿಕ್ಕಿನಲ್ಲಿ ಕೂತ ತಕ್ಷಣ ನೋಡಿದರೆ ಯಾರದ್ದಾದರೂ ಏರಿರುತ್ತದೆ! ಬೆಳಿಗ್ಗೆ ಕಾಫಿ, ಮಾತ್ರೆಗೆ ಮುಂಚೆ ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಒರಗು ಇರುವ ಕುರ್ಚಿಯಲ್ಲಿ ಐದು ನಿಮಿಷ ಕೂರಿ. ಪಾದ ನೆಲದ ಮೇಲೆ, ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲೆ. ಪಟ್ಟಿ ಬರೀ ತೋಳಿಗೆ ಸುತ್ತಬೇಕು, ಶರ್ಟಿನ ಮೇಲಲ್ಲ. ಮಾತಾಡಬೇಡಿ, ಫೋನ್ ಬಂದರೂ ಬಿಡಿ. ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡಿ, ಎರಡನ್ನೂ ಬರೆದಿಡಿ. ಸಂಜೆಯೂ ಹೀಗೇ, ಒಂದು ವಾರ. ಸರಾಸರಿ 135/85 ದಾಟಿದರೆ ಆ ಚೀಟಿ ಹಿಡಿದು ಡಾಕ್ಟರ್ ಹತ್ತಿರ ಹೋಗಿ. ಉಪ್ಪು ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚ. ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಇದರಲ್ಲೇ ಬರಬೇಕು.

ಇಷ್ಟರ ಮೇಲೂ ಯಾರಿಗಾದರೂ ಬಾಯಿ ಸೊಟ್ಟಗಾದರೆ, ಕೈ ಎತ್ತಲಾಗದಿದ್ದರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ, ನೀರು ಮಾತ್ರೆ ಏನೂ ಬಾಯಿಗೆ ಹಾಕಬೇಡಿ. 108ಕ್ಕೆ ಫೋನ್ ಮಾಡಿ, ಸಿಟಿ ಸ್ಕ್ಯಾನ್ ಇದ್ದು ಸ್ಟ್ರೋಕ್ ನೋಡುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಅವಕಾಶ ಇರುತ್ತದೆ. ಅವರು ಕೊನೆಗೆ ಚೆನ್ನಾಗಿದ್ದದ್ದು ಎಷ್ಟು ಹೊತ್ತಿಗೆ ಅಂತ ಅಲ್ಲಿ ಮೊದಲೇ ಕೇಳುತ್ತಾರೆ, ಟೈಮ್ ನೋಡಿಕೊಂಡಿರಿ.