ಅಮಾನಿಕೆರೆ ದಂಡೆಯಲ್ಲಿ ಹನ್ನೆರಡು ತುಂಬೆ ಹೂವು

ತುಮಕೂರಿಗೆ ಆ ಹೆಸರು ತುಂಬೆಯಿಂದ ಬಂತು ಅನ್ನುವವರಿದ್ದಾರೆ, ಟುಮುಕಿ ಎಂಬ ವಾದ್ಯದಿಂದ ಬಂತು ಅನ್ನುವವರೂ ಇದ್ದಾರೆ. ಊರಿನ ಬೆಳಕಿನ ಹಬ್ಬಕ್ಕೆ ಅಮಾನಿಕೆರೆ ದಂಡೆಯಲ್ಲಿ ನಿಲ್ಲಿಸಲು ನಾವು ತುಂಬೆಯನ್ನು ಆರಿಸಿಕೊಂಡೆವು. ಕಡ್ಡಿಯ ಸುತ್ತ ಹಸಿರು ಗುಂಡು, ಅದರಿಂದ ಹೊರಚಾಚಿದ ಬಿಳಿ ತುಟಿಗಳು: ಲಾಂದ್ರಕ್ಕೆ ಹೇಳಿ ಮಾಡಿಸಿದ ಆಕಾರ. ಒಂದೊಂದೂ 90 ಸೆಂ.ಮೀ. ಅಡ್ಡಳತೆ, ಐದು ಮೀಟರ್‌ಗೊಂದರಂತೆ ಹನ್ನೆರಡು.

ಚೌಕಟ್ಟಿಗೆ ಮೇದರ ಹತ್ತಿರ ಸೀಳಿಸಿದ, ಬೆರಳಗಲದ ಹಸಿ ಬಿದಿರ ದಬ್ಬೆ. ಒಣಗಿದ್ದು ಸಿಕ್ಕಿದರೆ ರಾತ್ರಿಯಿಡೀ ನೆನೆಸಿ. ಇಲ್ಲದಿದ್ದರೆ ಬಗ್ಗಿಸುವಾಗ ಗೆಣ್ಣಿನ ಹತ್ತಿರ ಪಟ್ಟನೆ ಮುರಿಯುತ್ತದೆ. ಕಟ್ಟಲು ತೆಂಗಿನ ನಾರಿನ ಹುರಿ. ಬೈಂಡಿಂಗ್ ವೈರ್ ಬೇಡ, ಬಿದಿರು ಒಣಗಿ ಸಣ್ಣಗಾದ ಮೇಲೆ ಅದು ಸಡಿಲವಾಗುತ್ತದೆ, ಮೊನೆ ಬಟ್ಟೆಯನ್ನೂ ಹರಿಯುತ್ತದೆ. ಹತ್ತಿ ಬಟ್ಟೆ ಕಾರ್ತಿಕದ ಇಬ್ಬನಿಗೆ ಜೋತುಬೀಳುವುದರಿಂದ ಪಾಲಿಯೆಸ್ಟರ್ ಹಾಕಿದೆವು. ಕೆರೆ ಕಡೆಯಿಂದ ಬೀಸುವ ಗಾಳಿ ಹಾದುಹೋಗಲು ಹಿಂಬದಿಯಲ್ಲಿ ಎರಡು ಗೇಣುದ್ದದ ಸೀಳು ಬಿಟ್ಟೆವು.

ಒಳಗೆ 50 ಮಿ.ಮೀ. ಪಿವಿಸಿ ಪೈಪು, ಅದರ ಸುತ್ತ ಸುರುಳಿಯಾಗಿ ಮೂರು ಮೀಟರ್ 12 ವೋಲ್ಟ್ ಡಬ್ಲ್ಯುಎಸ್2811 ಸ್ಟ್ರಿಪ್, ಅಂದರೆ ಚಿಪ್ ಹೇಳಿದಂತೆ ಬಣ್ಣ ಬದಲಿಸುವ ಎಲ್‌ಇಡಿ ಪಟ್ಟಿ. ಬಟ್ಟೆಗೂ ಎಲ್‌ಇಡಿಗೂ ನಡುವೆ ಮೊಳದಷ್ಟು ಅಂತರವಿದ್ದರೆ ಬೆಳಕು ಚುಕ್ಕಿಚುಕ್ಕಿಯಾಗಿ ಕಾಣದೆ ಹಾಲಿನಂತೆ ಹರಡುತ್ತದೆ. ಸ್ಟ್ರಿಪ್ ಕತ್ತರಿಸಿದ ತುದಿಯನ್ನು ಸೀಲ್ ಮಾಡಲು ವಿನೆಗರ್ ವಾಸನೆಯ ಸಿಲಿಕಾನ್ ಬಳಸಬೇಡಿ, ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ. ನ್ಯೂಟ್ರಲ್ ಕ್ಯೂರ್ ಎಂದು ಬರೆದಿರುವುದನ್ನೇ ಕೇಳಿ ತನ್ನಿ.

ಇಂಥ ಕೆಲಸ ಕೆಡುವುದು ಹೆಚ್ಚಾಗಿ ವೈರಿನಲ್ಲಿ. ಮೀಟರ್‌ಗೆ 60 ಎಲ್‌ಇಡಿ ಇರುವ ಈ ಸ್ಟ್ರಿಪ್ ಪೂರ್ತಿ ಬಿಳಿಯಲ್ಲಿ ಮೀಟರ್‌ಗೆ 14.4 ವ್ಯಾಟ್ ಎಳೆಯುತ್ತದೆ. ಒಂದು ಹೂವಿಗೆ 43 ವ್ಯಾಟ್, ಅಂದರೆ 3.6 ಆಂಪಿಯರ್. ಹನ್ನೆರಡಕ್ಕೂ ಒಂದೇ ತುದಿಯಿಂದ 12 ವೋಲ್ಟ್ ಕೊಟ್ಟರೆ ಕೊನೆಯ ಹೂವುಗಳು ಕೆಂಪಾಗುತ್ತವೆ. ವೋಲ್ಟೇಜ್ ಇಳಿದಾಗ ನೀಲಿ, ಹಸಿರು ಮೊದಲು ಸೊರಗುತ್ತವೆ, ಕೆಂಪು ಉಳಿಯುತ್ತದೆ. ಸ್ಟ್ರಿಪ್ಪೇ ಕೆಟ್ಟಿದೆ ಅಂದುಕೊಂಡು ಬದಲಾಯಿಸುವವರು ಬಹಳ. ಮೊದಲು ಮಲ್ಟಿಮೀಟರ್ ಹಿಡಿದು ಕೊನೆಯ ತುದಿಯ ವೋಲ್ಟೇಜ್ ನೋಡಿ.

ನಾವು ನಾಲ್ಕು ಹೂವಿಗೊಂದು ಪೆಟ್ಟಿಗೆ ಮಾಡಿ, ಅದನ್ನು ನಾಲ್ಕರ ನಡುವೆ ಇಟ್ಟೆವು. ಒಳಗೆ 230 ವೋಲ್ಟನ್ನು 12ಕ್ಕೆ ಇಳಿಸುವ 20 ಆಂಪಿಯರ್ ಎಸ್‌ಎಂಪಿಎಸ್, ಬೀಳುವ ಹೊರೆ 14.4 ಆಂಪಿಯರ್. ದೂರದ ಹೂವಿಗೆ 7.5 ಮೀಟರ್, ಹೋಗಿ ಬರಲು 15 ಮೀಟರ್ ವೈರು. 0.75 ಚದರ ಮಿ.ಮೀ. ವೈರಿನಲ್ಲಿ ಸುಮಾರು 1.4 ವೋಲ್ಟ್ ಹೋಗುತ್ತದೆ, 1.5ರಲ್ಲಿ 0.7, 2.5ರಲ್ಲಿ 0.4. ನಾವು ಎಳೆದದ್ದು 2.5, ಪ್ರತಿ ಹೂವಿಗೂ ಬೇರೆ ಬೇರೆ. ದುಡ್ಡು ಉಳಿಸುವ ಜಾಗ ಇದಲ್ಲ.

ಪೆಟ್ಟಿಗೆಗಳಿಗೆ 230 ವೋಲ್ಟ್ ಬರುವುದು ಬೆಸ್ಕಾಂನ ತಾತ್ಕಾಲಿಕ ಸಂಪರ್ಕದಿಂದ. ಆ ಭಾಗವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನೇ ಮಾಡಬೇಕು. ಕರೆಂಟ್ ಸೋರಿದೊಡನೆ ಲೈನ್ ಕಡಿಯುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ, ಸರಿಯಾದ ಅರ್ಥಿಂಗ್, ನೆಲಕ್ಕಿಂತ ಮೊಣಕಾಲೆತ್ತರದಲ್ಲಿ ಪೆಟ್ಟಿಗೆ, ವೈರು ಒಳಹೋಗುವುದು ತಳದಿಂದ. ಸಂಜೆ ಚೆನ್ನಾಗಿದ್ದು ಒಂಬತ್ತಕ್ಕೆ ಟ್ರಿಪ್ ಆದರೆ ಹುಲ್ಲಿನ ಮೇಲೆ ಬಿದ್ದಿರುವ, ಟೇಪ್ ಸುತ್ತಿದ ಜಾಯಿಂಟ್ ಹುಡುಕಿ. ಇಬ್ಬನಿ ಅಲ್ಲಿಗೆ ಇಳಿದಿರುತ್ತದೆ. ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿ ಹಬ್ಬ ಮುಗಿಸೋಣ ಎಂದು ಯಾರಾದರೂ ಹೇಳಿದರೆ ದೀಪವನ್ನೇ ಆರಿಸಿಬಿಡಿ. ಮಕ್ಕಳು ಕೈಯಿಟ್ಟು ನೋಡುವ ಜಾಗ ಅದು.

ನಿಯಂತ್ರಣಕ್ಕೆ ಪೆಟ್ಟಿಗೆಗೊಂದು ಇಎಸ್‌ಪಿ32 ಎಂಬ ಪುಟ್ಟ ಕಂಟ್ರೋಲರ್ ಬೋರ್ಡು, ಅದರಲ್ಲಿ ದೀಪ ಆಡಿಸಲು ಉಚಿತವಾಗಿ ಸಿಗುವ ಡಬ್ಲ್ಯುಎಲ್‌ಇಡಿ ತಂತ್ರಾಂಶ. ಬೋರ್ಡಿನ ಸಿಗ್ನಲ್ 3.3 ವೋಲ್ಟ್, ಸ್ಟ್ರಿಪ್ಪಿನ ಚಿಪ್‌ಗೆ 5 ಬೇಕು, ಆದ್ದರಿಂದ ನಡುವೆ ಸಿಗ್ನಲ್ ಏರಿಸುವ 74ಎಎಚ್‌ಸಿಟಿ125 ಚಿಪ್. ಡೇಟಾ ವೈರನ್ನು ಗ್ರೌಂಡ್ ಜೊತೆ ಹೆಣೆದೇ ಒಯ್ಯಬೇಕು, ನೆಟ್‌ವರ್ಕಿಗೆ ಬಳಸುವ ಕ್ಯಾಟ್6 ಕೇಬಲ್ಲಿನ ಒಂದು ಜೋಡಿ ಸಾಕು. ಗ್ರೌಂಡ್ ಬಿಟ್ಟುಹೋದರೆ ಹೂವು ಹುಚ್ಚುಹುಚ್ಚಾಗಿ ಮಿನುಗುತ್ತದೆ. ಮೂರೂ ಬೋರ್ಡುಗಳನ್ನು ವೈಫೈಯಲ್ಲಿ ಜೋಡಿಸುವುದು ಅಂಗಳದಲ್ಲಿ ಸುಲಭ. ಜನ ಸೇರಿದ ಮೇಲೆ ಅಷ್ಟೂ ಫೋನುಗಳ ನಡುವೆ 2.4 ಗಿಗಾಹರ್ಟ್ಸ್ ಉಸಿರುಗಟ್ಟುತ್ತದೆ. ಅದಕ್ಕೇ ಕರೆಂಟ್ ಬಂದೊಡನೆ ಪ್ರತಿ ಬೋರ್ಡೂ ತಾನಾಗಿಯೇ ನಿಗದಿಯಾದ ಆಟ ಶುರುಮಾಡುವಂತೆ ಇಟ್ಟೆವು. ಆಟವೂ ನಿಧಾನದ್ದು, ಆರು ಸೆಕೆಂಡಿಗೊಮ್ಮೆ ಏರಿ ಇಳಿಯುವ ಉಸಿರಿನಂತೆ.

ಇಷ್ಟೆಲ್ಲ ಲೆಕ್ಕ ಪೂರ್ತಿ ಹೊರೆಗೆ. ಉರಿಸಿದ್ದು ಮಾತ್ರ ಶೇ. 35ರಲ್ಲಿ. ಪಕ್ಕದ ಹೈಮಾಸ್ಟ್ ದೀಪ ಉರಿಯುತ್ತಿದ್ದರೆ ಶೇ. 100 ಇಟ್ಟರೂ ಹೂವು ಮಂಕು, ಅದು ಆರಿದರೆ 35 ಧಾರಾಳ. ಅನುಮತಿ ಕೇಳುವಾಗ ಜಾಗದ ಜೊತೆ ಕತ್ತಲನ್ನೂ ಕೇಳಿ ಪಡೆಯಿರಿ. ಬಣ್ಣ ಹಳದಿ ಕಡೆಗೆ ಇರಲಿ, ನೀಲಿ ಹೆಚ್ಚಿದ ಬಿಳಿಗೆ ಕೆರೆಯ ಹುಳವೆಲ್ಲ ಮುತ್ತುತ್ತದೆ. ಗುಂಡಿನ ತಳಕ್ಕೆ ಸೊಳ್ಳೆಪರದೆ ಕಟ್ಟದಿದ್ದರೆ ಬೆಳಿಗ್ಗೆ ಬಟ್ಟೆಯ ಒಳಗೆ ರೆಕ್ಕೆಗಳ ರಾಶಿ. ಹತ್ತು ಗಂಟೆಗೆ ಎಲ್ಲ ಆರಿಸಿದೆವು, ಹಕ್ಕಿಗಳು ಮಲಗುವ ಮರ ಅಲ್ಲೇ ಇವೆ.

ಕಳಚುವಾಗ ಸ್ಟ್ರಿಪ್ ಬಿಚ್ಚಿ ಮಡಚಬೇಡಿ, ಬೆಸುಗೆ ಬಿಡುತ್ತದೆ. ಪೈಪಿನ ಸಮೇತ ಗೋಣಿಚೀಲದಲ್ಲಿ ಸುತ್ತಿಡಿ.