ನೀಟ್ ಆದಮೇಲಿನ ನಾಲ್ಕು ತಿಂಗಳು: ಒಂದು ನೋಟ್‌ಬುಕ್, ಐದು ತೆಂಗಿನ ಹುರಿ

2023ರ ಮೇ 7ಕ್ಕೆ ನೀಟ್ ಬರೆದು ತಿಪಟೂರು ಹತ್ತಿರದ ನಮ್ಮ ಹಳ್ಳಿಗೆ ವಾಪಸ್ ಬಂದೆ. ಎಂಬಿಬಿಎಸ್ ಕ್ಲಾಸು ಶುರುವಾಗಿದ್ದು ಸೆಪ್ಟೆಂಬರ್ ಮೊದಲ ವಾರ. ನಡುವಿನ ನಾಲ್ಕು ತಿಂಗಳು ಅನಾಟಮಿ (ದೇಹರಚನೆ) ಪದಗಳನ್ನು ನೋಟ್‌ಬುಕ್ಕಿಗೆ ಬರೆದುಕೊಂಡು, ನರಗಳನ್ನು ಹುರಿಯಲ್ಲಿ ಕಟ್ಟಿಕೊಂಡು ಕಲಿತೆ ಅಂತ ಹಾಸ್ಟೆಲಿನಲ್ಲಿ ಮೊದಲ ದಿನ ಹೇಳಿದಾಗ ಒಬ್ಬ ಸೀನಿಯರ್ ಬಿದ್ದು ಬಿದ್ದು ನಕ್ಕಿದ್ದರು. "ಹಗ್ಗ ಕಟ್ಕೊಂಡು ಕೂತಿದ್ಯಾ? ಸುಮ್ನೆ ಮಲಗಬಾರದಿತ್ತಾ?" ಅಂದಿದ್ದರು. ಮೊದಲ ವರ್ಷದ ರಿಸಲ್ಟ್ ಬಂದು ಅನಾಟಮಿಯಲ್ಲಿ ಡಿಸ್ಟಿಂಕ್ಷನ್ ಸಿಕ್ಕಿದ ಮೇಲೆ ಈಗ ಬರೆಯುತ್ತಿದ್ದೇನೆ. ನಕ್ಕವರ ಹೆಸರು ಹಾಕಲ್ಲ, ಹೆದರಬೇಡಿ.

ಸೀಟು ಹಂಚುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ), ಕಾಲೇಜು ಆರಿಸುವ ಆಪ್ಷನ್ ಎಂಟ್ರಿ, ತಾತ್ಕಾಲಿಕ ಹಂಚಿಕೆಯ ಮಾಕ್ ಅಲಾಟ್‌ಮೆಂಟ್ ಎಲ್ಲ ನಿಮಗೆ ಗೊತ್ತಿರುವುದೇ. ಒಂದೇ ಮಾತು. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಕೋಟಾದ ವ್ಯಾಸಂಗ ಪತ್ರಗಳಿಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಬೇಕು. ಅದನ್ನು ಏಪ್ರಿಲ್‌ನಲ್ಲೇ ಮಾಡಿಸಿಟ್ಟುಕೊಳ್ಳಿ. ನಾನು ಜೂನ್‌ನಲ್ಲಿ ಹೊರಟೆ. ಒಂದು ಸಲ ಸಾಹೇಬರು ಮೀಟಿಂಗಿನಲ್ಲಿ, ಇನ್ನೊಂದು ಸಲ ಹೆಸರಿನ ಇನಿಷಿಯಲ್ ತಪ್ಪು. ಮೂರು ಸಲ ಓಡಾಡಿದೆ.

ಪರೀಕ್ಷೆ ಆದಮೇಲೆ ಎಲ್ಲರೂ ಎರಡೇ ಥರದ ಸಲಹೆ ಕೊಡುತ್ತಾರೆ. "ಈಗ ಮಜಾ ಮಾಡು, ಮುಂದೆ ಸಿಗಲ್ಲ" ಅನ್ನೋದು ಒಂದು. "ಈಗಲೇ ಓದಿ ಮುಗಿಸಿಬಿಡು" ಅನ್ನೋದು ಇನ್ನೊಂದು. ನಾನು ಎರಡನ್ನೂ ಮಾಡಿ ನೋಡಿದೆ, ಎರಡೂ ಕೈಕೊಟ್ಟವು.

ಮಜಾ ಇಪ್ಪತ್ತು ದಿನಕ್ಕೆ ಮುಗಿಯಿತು. ಕೀ ಆನ್ಸರ್ ತೆಗೆದು ದಿನಕ್ಕೆ ನಾಲ್ಕು ಸಲ ಅಂಕ ಕೂಡಿಸುತ್ತಾ ಕೂತರೆ ಎಲ್ಲಿಯ ಮಜಾ? ಜೂನ್ 13ಕ್ಕೆ ರಿಸಲ್ಟ್ ಬಂತು. ಸರ್ಕಾರಿ ಸೀಟು ಸಿಗೋದು ಹೆಚ್ಚುಕಡಿಮೆ ಖಾತ್ರಿ ಅನ್ನಿಸಿತು. ಆ ಖುಷಿಯಲ್ಲಿ ಮೊದಲ ವರ್ಷದ ಮೂರೂ ವಿಷಯಕ್ಕೆ (ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ) ಸೇರಿ ಒಂದು ವಿಡಿಯೋ ಕೋರ್ಸ್ ಕೊಂಡೆ. ನಾಲ್ಕೂವರೆ ಸಾವಿರ. ಅಪ್ಪ ಕೊಬ್ಬರಿ ಮಾರಿದ ದುಡ್ಡು ಅದು. ಜೊತೆಗೆ ಒಂದು ಹಳೇ ಅನಾಟಮಿ ಪುಸ್ತಕ, ಆರುನೂರಕ್ಕೆ.

ಮೂರು ವಾರದಲ್ಲಿ ನಲವತ್ತು ಪುಟ ಓದಿದೆ. ನಾಲ್ಕನೇ ವಾರ ಮೊದಲ ಪುಟ ತಿರುಗಿಸಿದರೆ ಏನೂ ನೆನಪಿಲ್ಲ. ವಿಡಿಯೋದ್ದು ಇನ್ನೂ ಕಷ್ಟ. ಮೇಷ್ಟ್ರು "ಮೀಡಿಯಲ್" ಅಂದಾಗ ಅದು ಒಳಬದಿಯೋ ಹೊರಬದಿಯೋ ಅಂತ ನಾನು ಯೋಚಿಸುವಷ್ಟರಲ್ಲಿ ಅವರು ಮೂರು ವಾಕ್ಯ ಮುಂದೆ ಹೋಗಿರುತ್ತಿದ್ದರು. ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ ನಾನು. ಪಿಯುಸಿಯಲ್ಲಿ ಇಂಗ್ಲಿಷ್ ಬಂತು ನಿಜ, ಆದರೆ ನೀಟ್‌ಗೆ ಆಪ್ಷನ್ ಗುರುತು ಮಾಡಿದರೆ ಸಾಕಲ್ವಾ? ಬಾಯಿ ಬಿಡುವ ಅಗತ್ಯವೇ ಇರಲಿಲ್ಲ. ನನಗೆ ಅಡ್ಡ ಬಂದಿದ್ದು ವಿಷಯ ಅಲ್ಲ, ಪದಗಳು. ಅದು ಗೊತ್ತಾಗೋಕೆ ಐದು ಸಾವಿರ ಖರ್ಚಾಯಿತು.

ಪುಸ್ತಕ ಮುಚ್ಚಿಟ್ಟು ನಲವತ್ತು ರೂಪಾಯಿಯ ಒಂದು ಉದ್ದ ನೋಟ್‌ಬುಕ್ ತಂದೆ. ಎಡಪುಟದಲ್ಲಿ ಪದ, ಅದರ ಗ್ರೀಕ್ ಅಥವಾ ಲ್ಯಾಟಿನ್ ಮೂಲ. ಬಲಪುಟದಲ್ಲಿ ಒಂದು ಸಣ್ಣ ಚಿತ್ರ, ಕನ್ನಡ ಅರ್ಥ. ದಿನಕ್ಕೆ ಹನ್ನೆರಡು ಪದ, ಭಾನುವಾರ ರಜೆ. ಮೊದಲು ತಲೆಯಿಂದ ಶುರು ಮಾಡಿದ್ದೆ. ತಲೆಬುರುಡೆಯಲ್ಲಿ ಇರೋ ತೂತುಗಳ ಹೆಸರು ಬರೆದು ಬರೆದು ಒಂದೇ ವಾರಕ್ಕೆ ಸಾಕಾಯಿತು. ಆಮೇಲೆ ಕೈಯಿಂದ ಶುರು ಮಾಡಿದೆ. ನಮ್ಮ ಕೈ ಬಸ್ಸಿನಲ್ಲೂ ನಮ್ಮ ಜೊತೆಗೇ ಇರುತ್ತೆ, ನೋಡಿಕೊಂಡು ಹೇಳಬಹುದು. ನಮ್ಮ ಕಾಲೇಜಿನಲ್ಲಿ ಡಿಸೆಕ್ಷನ್ (ಶವ ಕೊಯ್ದು ಕಲಿಯೋದು) ಶುರುವಾಗಿದ್ದೂ ಕೈಯಿಂದಲೇ. ಅದು ಅದೃಷ್ಟ.

ಮಣಿಕಟ್ಟಿನ ಎಂಟು ಮೂಳೆ ನೋಡಿ. ಸ್ಕ್ಯಾಫಾಯ್ಡ್ ಅಂದರೆ ದೋಣಿ. ಲ್ಯೂನೇಟ್ ಚಂದ್ರ. ಪಿಸಿಫಾರ್ಮ್ ಬಟಾಣಿ. ಹ್ಯಾಮೇಟ್‌ಗೆ ಕೊಕ್ಕೆ ಇದೆ, ಹೆಸರೇ ಕೊಕ್ಕೆ. ಭುಜದ ಕೋರಕಾಯ್ಡ್ ಕಾಗೆ ಕೊಕ್ಕು, ಬೆನ್ನಿನ ತುದಿಯ ಕಾಕ್ಸಿಕ್ಸ್ ಕೋಗಿಲೆ ಕೊಕ್ಕು. ಸೆಸಮಾಯ್ಡ್ ಮೂಳೆ ಎಳ್ಳಿನಂಥದ್ದು. ತೊಡೆಯ ಸಾರ್ಟೋರಿಯಸ್ ದರ್ಜಿಯ ಸ್ನಾಯು. ದರ್ಜಿಗಳು ಹಿಂದೆ ಚಕ್ಕಳಮಕ್ಕಳ ಹಾಕಿ ಕೂತು ಹೊಲಿಯುತ್ತಿದ್ದರಲ್ಲ, ಅದಕ್ಕೆ. ಗ್ಯಾಸ್ಟ್ರೋಕ್ನೀಮಿಯಸ್ ಅಂದರೆ ಕಾಲಿನ ಹೊಟ್ಟೆ. ನಾವು ಅದನ್ನೇ ಮೀನಖಂಡ ಅನ್ನುತ್ತೇವೆ. ಗ್ರೀಕರಿಗೆ ಹೊಟ್ಟೆ ಕಂಡ ಕಡೆ ನಮ್ಮವರಿಗೆ ಮೀನು ಕಂಡಿದೆ!

ಇದರಲ್ಲೂ ಒಂದು ಸಲ ಎಡವಿದೆ. ಕಾಲಿನ ಒಂದು ನರವನ್ನು ಪೆರೋನಿಯಲ್ ಅಂತ ಒಂದು ಕಡೆ, ಫಿಬುಲಾರ್ ಅಂತ ಇನ್ನೊಂದು ಕಡೆ ಬರೆದುಕೊಂಡು ಎರಡೂ ಬೇರೆ ಬೇರೆ ನರ ಅಂತಲೇ ಎರಡು ತಿಂಗಳು ನಂಬಿದ್ದೆ. ಒಂದು ಗ್ರೀಕ್, ಒಂದು ಲ್ಯಾಟಿನ್, ಎರಡರ ಅರ್ಥವೂ ಪಿನ್ನು. ನರ ಒಂದೇ. ಎರಡಕ್ಕೂ ಪಿನ್ನಿನ ಚಿತ್ರವನ್ನೇ ಬರೆದಿದ್ದೆ, ಆದರೂ ತಲೆಗೆ ಹೋಗಿರಲಿಲ್ಲ.

ಆಗಸ್ಟ್ ಕೊನೆಗೆ ಐನೂರಕ್ಕೂ ಹೆಚ್ಚು ಪದ ಆಗಿದ್ದವು. ಅಷ್ಟನ್ನೂ ನೆನಪಿಟ್ಟುಕೊಳ್ಳೋಕೆ ರಾತ್ರಿ ಮಲಗುವ ಮುಂಚೆ ಒಂದು ಕೆಲಸ ಮಾಡುತ್ತಿದ್ದೆ. ಅದನ್ನು ಇಲ್ಲಿ ಹೇಳಲ್ಲ. ನನ್ನ ಜೂನಿಯರ್‌ಗಳಿಗಾದರೂ ಸ್ವಲ್ಪ ಲಾಭ ಇರಲಿ.

ಈಗ ಹಗ್ಗದ ಕಥೆ. ಬ್ರೇಕಿಯಲ್ ಪ್ಲೆಕ್ಸಸ್ ಅಂದರೆ ಕತ್ತಿನಿಂದ ಕಂಕುಳ ಮೂಲಕ ಕೈಗೆ ಹೋಗುವ ನರಗಳ ಜಾಲ. ಅದರ ಹೆಸರು ಕೇಳಿದರೆ ಮೊದಲ ವರ್ಷದವರಿಗೆ ಚಳಿಜ್ವರ ಬರುತ್ತೆ. ಪುಸ್ತಕದ ಚಿತ್ರ ನೋಡಿ ಹತ್ತು ಸಲ ಬರೆದರೂ ಹನ್ನೊಂದನೇ ಸಲ ತಪ್ಪುತ್ತಿತ್ತು. ನಮ್ಮ ಮನೆಯಲ್ಲಿ ತೆಂಗಿನ ನಾರಿನ ಹುರಿಗೆ ಬರವಿಲ್ಲ. ಮೊದಲು ನೈಲಾನ್ ಹಗ್ಗದಲ್ಲಿ ಕಟ್ಟಿದ್ದೆ, ಗಂಟು ನಿಲ್ಲಲಿಲ್ಲ. ಹುರಿ ಒಳ್ಳೇದು, ಯಾಕೆಂದರೆ ಅದು ಎರಡು ಎಳೆಯದು, ಬಿಚ್ಚಿದರೆ ತಾನಾಗೇ ಇಬ್ಭಾಗ ಆಗುತ್ತೆ.

ಕಿಟಕಿಯ ಐದು ಸರಳಿಗೆ ಐದು ಹುರಿ ಕಟ್ಟಿದೆ. ಬೆನ್ನುಹುರಿಯಿಂದ ಹೊರಡುವ ಐದು ನರಬೇರು ಅವು: ಸಿ5, ಸಿ6, ಸಿ7, ಸಿ8, ಟಿ1. ಸಿ5 ಮತ್ತು ಸಿ6 ಸೇರಿಸಿ ಒಂದು ಗಂಟು, ಸಿ8 ಮತ್ತು ಟಿ1 ಸೇರಿಸಿ ಇನ್ನೊಂದು ಗಂಟು, ಸಿ7 ಒಂಟಿ. ಅಲ್ಲಿಗೆ ಮೂರು ಟ್ರಂಕ್ (ಕಾಂಡ) ಆಯಿತು. ಜೋಡಿ ಇದ್ದ ಕಡೆ ಒಂದು ಹುರಿ ಮುಂದಕ್ಕೆ, ಒಂದು ಹಿಂದಕ್ಕೆ. ಸಿ7ಗೆ ಜೋಡಿ ಇಲ್ಲವಲ್ಲ, ಅದರ ಎಳೆಯನ್ನೇ ಬಿಚ್ಚಿ ಎರಡು ಮಾಡಿದೆ. ಹಿಂದಕ್ಕೆ ಹೋಗುವ ಮೂರಕ್ಕೂ ಕುಂಕುಮದ ನೀರು ಹಚ್ಚಿ ಒಟ್ಟಿಗೆ ಗಂಟು ಹಾಕಿದೆ, ಅದು ಪೋಸ್ಟೀರಿಯರ್ ಕಾರ್ಡ್ (ಹಿಂದಿನ ಹಗ್ಗ). ಮುಂದಿನದರಲ್ಲಿ ಮೇಲಿನ ಎರಡು ಸೇರಿ ಲ್ಯಾಟರಲ್ (ಹೊರಬದಿ) ಕಾರ್ಡ್, ಕೆಳಗಿನದು ಒಂದೇ ಮೀಡಿಯಲ್ (ಒಳಬದಿ) ಕಾರ್ಡ್. ಕೆಂಪಿನಿಂದ ಆಕ್ಸಿಲರಿ ಮತ್ತು ರೇಡಿಯಲ್ ನರ. ಲ್ಯಾಟರಲ್‌ನ ಒಂದು ಎಳೆ, ಮೀಡಿಯಲ್‌ನ ಒಂದು ಎಳೆ ಸೇರಿದರೆ ಮೀಡಿಯನ್ ನರ. ಲ್ಯಾಟರಲ್‌ನಲ್ಲಿ ಉಳಿದದ್ದು ಮಸ್ಕ್ಯುಲೋಕ್ಯುಟೇನಿಯಸ್, ಮೀಡಿಯಲ್‌ನಲ್ಲಿ ಉಳಿದದ್ದು ಅಲ್ನಾರ್. ಮೊದಲ ಸಲ ಮೀಡಿಯನ್‌ಗೆ ಕೆಂಪು ಎಳೆ ಸೇರಿಸಿಬಿಟ್ಟಿದ್ದೆ. ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದೆ. ಅಲ್ಲಿಂದ ಇಲ್ಲಿಯತನಕ ಅದು ತಪ್ಪಿಲ್ಲ.

ಅಜ್ಜಿ ಬಂದು ನೋಡಿ, "ಇದೇನ್ಲಾ ಮಗ, ಕಿಟಕಿಗೆ ಜಡೆ ಹಾಕ್ತಿದೀಯ?" ಅಂದಳು. ಕಂಕುಳ ನರ ಅಂದೆ. "ಸೀಟು ಸಿಗೋಕೆ ಮುಂಚೆನೇ ತಲೆ ಕೆಟ್ಟೋಯ್ತು" ಅಂತ ಅಮ್ಮನಿಗೆ ಹೇಳಿಕೊಂಡು ಹೋದಳು.

ಇನ್ನೊಂದು ಪ್ರಯೋಗ ಮೇಕೆ ಗುಂಡಿಗೆಯದು. ನಮ್ಮ ಮನೆಯಲ್ಲಿ ಮಾಂಸ ಮಾಡಲ್ಲ, ಹಾಗಾಗಿ ಗೆಳೆಯನ ತೋಟದ ಶೆಡ್ಡಿನಲ್ಲಿ ನಡೆಸಿದೆವು. ಮೊದಲನೇದು ಹಾಳಾಯಿತು. ಅಂಗಡಿಯವರು ರಕ್ತ ಹೋಗಲಿ ಅಂತ ಮೊದಲೇ ಸೀಳಿ ಕೊಟ್ಟಿದ್ದರು. ನಾನೂ ಈರುಳ್ಳಿ ಹೆಚ್ಚಿದ ಹಾಗೆ ಅಡ್ಡಡ್ಡ ಕೊಯ್ದೆ. ಎರಡನೇ ಸಲ "ಸೀಳದೆ ಇಡಿಯಾಗಿ ಕೊಡಣ್ಣ" ಅಂತ ಕೇಳಿ ತಂದು ಉದ್ದಕ್ಕೆ ಕೊಯ್ದೆ. ಎಡ ಗೋಡೆ ಬಲದ ಎರಡು ಮೂರು ಪಟ್ಟು ದಪ್ಪ. ಕವಾಟಕ್ಕೆ ಕಟ್ಟಿದ ಬಿಳಿ ದಾರಗಳನ್ನು ಬೆರಳಲ್ಲಿ ಎಳೆದರೆ ಕಿತ್ತು ಬರಲ್ಲ, ಅಷ್ಟು ಗಟ್ಟಿ. ಪರೀಕ್ಷೆಗೆ ಇದರಿಂದ ಒಂದು ಅಂಕವೂ ಬರಲಿಲ್ಲ ಅನ್ನಿ. ಆದರೆ ಡಿಸೆಕ್ಷನ್ ಹಾಲಿನ ಮೊದಲ ದಿನ ಬ್ಯಾಚಿನಲ್ಲಿ ಒಬ್ಬಿಬ್ಬರು ತಲೆ ತಿರುಗಿ ಕೂತರು. ನನಗೆ ಶವ ಕೆಡದ ಹಾಗೆ ಹಾಕುವ ಫಾರ್ಮಲಿನ್‌ಗೆ ಕಣ್ಣು ಉರಿದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ.

ದುಡ್ಡು ಕಳೆದುಕೊಂಡ ಇನ್ನೊಂದು ಜಾಗ ಬೋನ್ ಸೆಟ್, ಅಂದರೆ ಕಲಿಯೋಕೆ ಇಟ್ಟುಕೊಳ್ಳುವ ಮೂಳೆಗಳ ಸೆಟ್. ಸೀಟು ಸಿಕ್ಕಿದ ವಾರವೇ ಯಾರೋ ಹೇಳಿದರು ಅಂತ ಸೆಕೆಂಡ್ ಹ್ಯಾಂಡ್ ಪ್ಲಾಸ್ಟಿಕ್ ಹಾಫ್ ಸೆಟ್ ಕೊಂಡೆ. ನಾಲ್ಕು ಸಾವಿರ. ಕ್ಲಾವಿಕಲ್ (ಕೊರಳ ಬುಡದ ಮೂಳೆ) ಹಿಡಿದು ಎಡವೋ ಬಲವೋ ಹೇಳಬೇಕು ಅಂದರೆ ಮೂರು ವಿಷಯ ಬೇಕು. ಚಪ್ಪಟೆ ತುದಿ ಹೊರಗೆ, ದಪ್ಪ ತುದಿ ಒಳಗೆ. ಒಳಗಿನ ಮೂರನೇ ಎರಡು ಭಾಗ ಮುಂದಕ್ಕೆ ಉಬ್ಬಿರುತ್ತೆ. ಕೆಳಮೈಯಲ್ಲಿ ಒಂದು ಕೊರಕಲು ಇರುತ್ತೆ. ನನ್ನ ಪ್ಲಾಸ್ಟಿಕ್‌ನಲ್ಲಿ ಆ ಕೊರಕಲೇ ಇರಲಿಲ್ಲ, ನುಣ್ಣಗೆ ಸವರಿಬಿಟ್ಟಿದ್ದರು. ಡಿಪಾರ್ಟ್‌ಮೆಂಟಿನಲ್ಲಿ ನಿಜವಾದ ಮೂಳೆ ಕೈಗೆ ಬಂದಾಗ ಹೆಬ್ಬೆರಳು ತಾನಾಗೇ ಆ ಕೊರಕಲಿನಲ್ಲಿ ಕೂತಿತು. ಸೇರಿದ ಮೇಲೆ ನೋಡಿಕೊಂಡು ತಗೊಳ್ಳಿ. ನಾನು ಎರಡೂವರೆ ಸಾವಿರಕ್ಕೆ ಮಾರಿದೆ, ಒಂದೂವರೆ ಸಾವಿರ ಹೋಯಿತು. ಸ್ಟೆತೊಸ್ಕೋಪ್ ಅಂತೂ ಕೊಳ್ಳಲೇಬೇಡಿ. ಸನ್ಮಾನ, ಶಾಲು, ಪೇಟದ ಜೊತೆ ನೆಂಟರೇ ಕೊಡುತ್ತಾರೆ. ನನಗೆ ಮೂರು ಬಂದವು.

ಖರ್ಚು ಸರಿದೂಗಿಸೋಕೆ ಜೂನ್‌ನಿಂದ ಎಸ್ಸೆಸ್ಸೆಲ್ಸಿ ಹುಡುಗರಿಗೆ ಟ್ಯೂಷನ್ ಮಾಡಿದೆ. ಒಂಬತ್ತು ಜನ, ತಲೆಗೆ ತಿಂಗಳಿಗೆ ನಾನೂರು. ಇಬ್ಬರು ಕೊಡಲೇ ಇಲ್ಲ. ಎರಡೂವರೆ ತಿಂಗಳಿಗೆ ಏಳು ಸಾವಿರದ ಹತ್ತಿರ ಬಂದಿರಬೇಕು. ಅಪಧಮನಿ, ಅಭಿಧಮನಿ ಅಂತ ಅವರಿಗೆ ಹೇಳಿಕೊಡುವಾಗ ಒಂದು ವಿಷಯ ಗಮನಕ್ಕೆ ಬಂತು. ನಮ್ಮೂರಲ್ಲಿ ರಕ್ತನಾಳಕ್ಕೂ ನರ ಅಂತಾರೆ, ನರಕ್ಕೂ ನರ, ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜಿಗೂ ನರ. "ನರ ಹಿಡ್ಕೊಂಡಿದೆ" ಅಂತ ಬಂದವರಿಗೆ ಏನಾಗಿದೆ ಅಂತ ಇಂಗ್ಲಿಷ್ ಪುಸ್ತಕ ಹೇಳಲ್ಲ. ಇಂಥ ಮಾತುಗಳನ್ನು ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಬರೆದುಕೊಂಡೆ. ಜೋಮು, ಚಳಕು, ಹುಳಿತೇಗು, ಕಣ್ಣು ಕತ್ತಲೆ. ಹಾಸ್ಟೆಲಿನಲ್ಲಿ ಆಲ್ ಇಂಡಿಯಾ ಕೋಟಾದಲ್ಲಿ ಬಂದ ರಾಜಸ್ಥಾನದ ರೂಮ್‌ಮೇಟ್‌ಗೆ ಇವನ್ನು ಹೇಳಿಕೊಟ್ಟೆ, ಅವನು ನನಗೆ ಬಯೋಕೆಮಿಸ್ಟ್ರಿ ಹೇಳಿಕೊಟ್ಟ. ಬಯೋಕೆಮಿಸ್ಟ್ರಿಗೆ ನನ್ನ ಪದಗಳ ವಿದ್ಯೆ ಏನೂ ಕೆಲಸಕ್ಕೆ ಬರಲಿಲ್ಲ, ಫಿಸಿಯಾಲಜಿಗೂ ಅಷ್ಟಕ್ಕಷ್ಟೇ. ಅದನ್ನು ಮುಚ್ಚಿಡಲ್ಲ.

ಅಂಗೈ ಡಿಸೆಕ್ಷನ್ ದಿನ ಮೇಡಂ ನಮ್ಮ ಟೇಬಲ್‌ಗೆ ಬಂದರು. ಬೆರಳು ಮಡಚುವ ಸ್ನಾಯುರಜ್ಜನ್ನು ಚಿಮ್ಮಟದಲ್ಲಿ ಎತ್ತಿ, ಅದರ ಪಕ್ಕ ಅಂಟಿಕೊಂಡಿದ್ದ ಸಣ್ಣ ಸ್ನಾಯು ತೋರಿಸಿ, "ಇದಕ್ಕೆ ಲಂಬ್ರಿಕಲ್ ಅಂತ ಯಾಕೆ ಹೆಸರು?" ಅಂದರು. ಯಾರೂ ಮಾತಾಡಲಿಲ್ಲ. ನನ್ನ ಬಾಯಿಂದ ಕನ್ನಡದಲ್ಲೇ ಬಂತು, "ಎರೆಹುಳು ಮೇಡಂ." ಮಳೆ ಬಂದ ಮಾರನೇ ದಿನ ಅಂಗಳದಲ್ಲಿ ಬಿದ್ದಿರುತ್ತಲ್ಲ, ಥೇಟ್ ಹಾಗೇ ಇತ್ತು, ತೆಳ್ಳಗೆ, ಕಂದು ಬಣ್ಣ. ಮೇಡಂ ನಕ್ಕರು. "ನಾಲ್ಕಕ್ಕೂ ನರ ಯಾವುದು?" ಅಂದರು. ಎರಡಕ್ಕೆ ಮೀಡಿಯನ್, ಎರಡಕ್ಕೆ ಅಲ್ನಾರ್ ಅಂದೆ. ಆವತ್ತು ಸಂಜೆ ಆ ಸೀನಿಯರ್ ನೋಟ್‌ಬುಕ್ ಕೇಳಿಕೊಂಡು ರೂಮಿಗೆ ಬಂದರು.

ಈ ವರ್ಷ ಚಿಕ್ಕಪ್ಪನ ಮಗಳು ನೀಟ್ ಬರೆದಿದ್ದಾಳೆ. ನೋಟ್‌ಬುಕ್ ಅವಳಿಗೆ ಕೊಟ್ಟಿದ್ದೇನೆ, ಕೊನೆಯ ಎಂಟು ಪುಟಕ್ಕೆ ಸ್ಟೇಪಲ್ ಹೊಡೆದು. ಹುರಿ ಮಾತ್ರ ಇನ್ನೂ ಕಿಟಕಿಯಲ್ಲೇ ಇದೆ. ಮಳೆಗಾಲದಲ್ಲಿ ಅಮ್ಮ ಮೀಡಿಯನ್ ನರದ ಮೇಲೆ ಟವೆಲ್ ಒಣಗಿಸುತ್ತಾಳೆ.