ಆಕ್ಸಿಲರೇಟರ್ ಒತ್ತಿದ ಕೂಡಲೇ ಚೈನ್ ಸಾ ಆಫ್ ಆಗುತ್ತಿದ್ದರೆ

ಮರ ಕೊಯ್ಯುವ ಮೆಷಿನ್ ಸುಮ್ನೆ ನಿಂತಾಗ ಚೆನ್ನಾಗಿ ಓಡಿ, ಆಕ್ಸಿಲರೇಟರ್ ಒತ್ತಿದ ಕೂಡಲೇ ನಿಲ್ಲುತ್ತಿದ್ದರೆ ಕಾರ್ಬುರೇಟರ್‌ನ ‘ಎಲ್’ ಸ್ಕ್ರೂವನ್ನು (ಕಡಿಮೆ ವೇಗದಲ್ಲಿ ಪೆಟ್ರೋಲ್ ಎಷ್ಟು ಬರಬೇಕೆಂದು ಹೊಂದಿಸುವ ಸ್ಕ್ರೂ) ಎಡಕ್ಕೆ 1/8 ಸುತ್ತು ಬಿಚ್ಚಿ ನೋಡಿ. ಏರ್ ಫಿಲ್ಟರ್ ಮೊದಲೇ ಸ್ವಚ್ಛ ಮಾಡಿರಬೇಕು, ಎಂಜಿನ್ ಬಿಸಿಯಾಗಿರಬೇಕು. ಒತ್ತಿದಾಗ ಗಾಳಿ ಒಮ್ಮೆಲೇ ನುಗ್ಗುತ್ತದೆ, ಪೆಟ್ರೋಲ್ ಸ್ವಲ್ಪ ತಡವಾಗಿ ಬರುತ್ತದೆ. ಆ ಕ್ಷಣದ ಕೊರತೆಯನ್ನು ಈ ಸ್ಕ್ರೂ ತುಂಬುತ್ತದೆ. ಸಾಲದಿದ್ದರೆ ಇನ್ನೊಂದು 1/8, ಅದಕ್ಕಿಂತ ಜಾಸ್ತಿ ಬೇಡ. ಆಮೇಲೆ ಆಕ್ಸಿಲರೇಟರ್ ಬಿಟ್ಟಾಗ ಚೈನ್ ತಿರುಗಬಾರದು, ತಿರುಗಿದರೆ ಐಡಲ್ ಸ್ಕ್ರೂ (ಸುಮ್ನೆ ನಿಂತಾಗಿನ ವೇಗ ಹೊಂದಿಸುವುದು) ಸ್ವಲ್ಪ ಬಿಚ್ಚಿ ವೇಗ ಇಳಿಸಿ. ಪೂರ್ತಿ ವೇಗದಲ್ಲಿ ಪೆಟ್ರೋಲ್ ಹೊಂದಿಸುವ ‘ಎಚ್’ ಸ್ಕ್ರೂ ಮಾತ್ರ ದಯವಿಟ್ಟು ಮುಟ್ಟಬೇಡಿ. ಅದು ಬಿಗಿಯಾದರೆ ಪೆಟ್ರೋಲ್ ಜೊತೆ ಆಯಿಲ್ ಕೂಡ ಕಡಿಮೆಯಾಗಿ ಪಿಸ್ಟನ್ ಹಿಡಿದುಕೊಳ್ಳುತ್ತದೆ, ರಿಪೇರಿ ಖರ್ಚು ದೊಡ್ಡದು. ಇಷ್ಟಕ್ಕೂ ಸರಿಹೋಗದಿದ್ದರೆ ತೊಂದರೆ ಸ್ಕ್ರೂನದ್ದಲ್ಲ. ಟ್ಯಾಂಕ್ ಒಳಗಿನ ಫಿಲ್ಟರ್ ಕಟ್ಟಿರಬಹುದು, ಸೈಲೆನ್ಸರ್ ಬಾಯಿಯ ಸಣ್ಣ ಜಾಲರಿಯಲ್ಲಿ ಮಸಿ ತುಂಬಿರಬಹುದು, ಇಲ್ಲವೇ ಕಾರ್ಬುರೇಟರ್‌ನ ಡಯಾಫ್ರಮ್ (ಪೆಟ್ರೋಲ್ ಎಳೆಯುವ ತೆಳುವಾದ ಪೊರೆ) ಗಟ್ಟಿಯಾಗಿರಬಹುದು. ಮಳೆಗಾಲವಿಡೀ ಟ್ಯಾಂಕಿನಲ್ಲೇ ಉಳಿದ ಪೆಟ್ರೋಲ್ ಆಗಿದ್ದರಂತೂ ಮೊದಲು ಅದನ್ನು ಚೆಲ್ಲದೆ ಬೇರೆ ಡಬ್ಬಕ್ಕೆ ತೆಗೆದು, ಹೊಸದಾಗಿ ಆಯಿಲ್ ಬೆರೆಸಿ ಹಾಕಿ. ಕಂಪ್ಯೂಟರೇ ಕಾರ್ಬುರೇಟರ್ ಹೊಂದಿಸುವ ಹೊಸ ಮಾಡೆಲ್‌ಗಳಲ್ಲಿ ಈ ‘ಎಲ್’, ‘ಎಚ್’ ಸ್ಕ್ರೂಗಳು ಇರುವುದಿಲ್ಲ.